ಹೊರಗಿನವರ ಆ್ಯಪ್‌ಗಳಿಗೆ ಫೋನು ಎಷ್ಟು ತೆರೆದಿರಬೇಕು? ಐಫೋನ್, ಆಂಡ್ರಾಯ್ಡ್ ಮತ್ತು ನಡುವಿನ ದಾರಿಗಳ ಹೋಲಿಕೆ

ಹೊಸ ಫೋನು ಕೊಳ್ಳುವವರು ಕ್ಯಾಮೆರಾ, ಬ್ಯಾಟರಿ, ಬೆಲೆಗಳನ್ನು ಅಳೆದು ತೂಗಿ ನೋಡುತ್ತಾರೆ. ಆ ಫೋನಿನಲ್ಲಿ ಯಾರು ಬರೆದ ತಂತ್ರಾಂಶ ಓಡಬಹುದು, ಬೇಡವೆನ್ನುವ ಅಧಿಕಾರ ಯಾರದು ಎಂದು ವಿಚಾರಿಸುವವರು ವಿರಳ. ಮುಂದಿನ ನಾಲ್ಕೈದು ವರ್ಷ ಯಾವ ಕೀಬೋರ್ಡಿನಲ್ಲಿ ಕನ್ನಡ ಬರೆಯುತ್ತೇವೆ, ಬ್ರೌಸರಿನ ಜಾಹೀರಾತುಗಳನ್ನು ತಡೆಯಬಹುದೇ, ಮನೆಯ ಹಿರಿಯರ ಬ್ಯಾಂಕ್ ಖಾತೆ ಎಷ್ಟು ಭದ್ರ, ಕಾಲೇಜಿನಲ್ಲಿ ಓದುತ್ತಿರುವ ಮಗಳು ಬರೆದ ಪುಟ್ಟ ಆ್ಯಪ್ ಅವಳದೇ ಫೋನಿನಲ್ಲಿ ಓಡುತ್ತದೆಯೇ ಎಂಬುದೆಲ್ಲ ಬಹುಮಟ್ಟಿಗೆ ಈ ಒಂದು ಪ್ರಶ್ನೆಯನ್ನೇ ಅವಲಂಬಿಸಿರುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಓದುಗರಿಗೆ ಅನುಕೂಲ. ಫೋನು ಹೊರಗಿನ ತಂತ್ರಾಂಶಕ್ಕೆ ತೆರೆದಿರಬೇಕು. ಆ ಬಾಗಿಲಿನ ಕೀಲಿ ಮಾತ್ರ ಹಣ ಕೊಟ್ಟು ಫೋನು ಕೊಂಡವರ ಕೈಯಲ್ಲಿರಬೇಕು, ಬಾಗಿಲು ತೆಗೆಯುವಷ್ಟೇ ಸುಲಭವಾಗಿ ಭದ್ರವಾಗಿ ಹಾಕಿಕೊಳ್ಳಲೂ ಬರಬೇಕು. ಈ ಅಳತೆಗೆ ಪೂರ್ತಿ ಹೊಂದುವ ಫೋನು ಇಂದು ಮಾರುಕಟ್ಟೆಯಲ್ಲಿಲ್ಲ. ಆದ್ದರಿಂದ ಯಾವುದು ಯಾವ ವಿಷಯದಲ್ಲಿ ಹತ್ತಿರ ಬರುತ್ತದೆ, ಯಾರಿಗೆ ಯಾವುದು ಒಪ್ಪುತ್ತದೆ ಎಂದು ನೋಡುವುದೇ ಇಲ್ಲಿನ ಕೆಲಸ.

ಬೇರೆಬೇರೆಯಾಗಿ ಕೇಳಬೇಕಾದ ಪ್ರಶ್ನೆಗಳು

ಐಫೋನ್ ಮುಚ್ಚಿದ್ದು, ಆಂಡ್ರಾಯ್ಡ್ ತೆರೆದದ್ದು ಎಂಬ ಎರಡು ಮಾತಿನ ತೀರ್ಪಿನಿಂದ ಆಯ್ಕೆ ಮಾಡಲು ಹೊರಟರೆ ದಾರಿ ತಪ್ಪುತ್ತದೆ. ಆ್ಯಪ್ ಬರೆಯಲು ಯಾರಿಗೆ ಅವಕಾಶವಿದೆ, ಬರೆದ ಆ್ಯಪ್ ಯಾವ ದಾರಿಯಲ್ಲಿ ಫೋನಿಗೆ ಬರಬಹುದು, ಬಂದ ಮೇಲೆ ಅದು ಫೋನಿನೊಳಗೆ ಎಷ್ಟು ಆಳಕ್ಕೆ ಕೈ ಹಾಕಬಹುದು, ಅದರಿಂದ ಹುಟ್ಟುವ ಹಣದಲ್ಲಿ ಯಾರಿಗೆ ಎಷ್ಟು ಪಾಲು ಎಂಬ ನಾಲ್ಕು ವಿಷಯಗಳು ಪ್ರತ್ಯೇಕವಾದವು. ಒಂದೇ ಫೋನು ಮೊದಲನೆಯದರಲ್ಲಿ ಉದಾರವಾಗಿದ್ದು ಎರಡನೆಯದರಲ್ಲಿ ಜಿಪುಣವಾಗಿರಬಹುದು. ಇವುಗಳಲ್ಲಿ ಹೆಚ್ಚು ಗಮನ ಪಡೆಯಬೇಕಾದದ್ದು ಆಳದ ಪ್ರಶ್ನೆ; ಸಾರ್ವಜನಿಕ ಚರ್ಚೆಯಲ್ಲಿ ಅತಿ ಕಡಿಮೆ ಕೇಳಿಬರುವುದೂ ಅದೇ.

ಹೊರಗಿನವರಿಗೆ ಪ್ರವೇಶವೇ ಬೇಡ ಎಂಬ ವಾದವನ್ನು ಬೇಗನೆ ಮುಗಿಸಿಬಿಡಬಹುದು, ಏಕೆಂದರೆ ಅದು ಒಂದೂವರೆ ವರ್ಷವೂ ಬಾಳಲಿಲ್ಲ. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಫೋನನ್ನು ಲೋಕಕ್ಕೆ ತೋರಿಸಿದಾಗ ಹೊರಗಿನ ಡೆವಲಪರ್‌ಗಳಿಗೆ ಅದರೊಳಗೆ ಜಾಗವಿರಲಿಲ್ಲ. ಸಫಾರಿ ಬ್ರೌಸರಿನಲ್ಲಿ ಓಡುವ ಜಾಲತಾಣ ರೂಪದ ಆ್ಯಪ್‌ಗಳನ್ನು ಬರೆದುಕೊಳ್ಳಿ ಎಂಬುದು ಜೂನ್‌ನಲ್ಲಿ ಅವರಿಗೆ ಸಿಕ್ಕ ಉತ್ತರವಾಗಿತ್ತು. ಉತ್ಸಾಹಿಗಳು ಫೋನಿನ ಕಟ್ಟು ಮುರಿದು, ಅಂದರೆ ಜೈಲ್‌ಬ್ರೇಕ್ ಮಾಡಿ, ತಮ್ಮ ತಂತ್ರಾಂಶ ಸೇರಿಸತೊಡಗಿದರು. ಅದೇ ಅಕ್ಟೋಬರ್‌ನಲ್ಲಿ ಆ್ಯಪಲ್ ನಿಲುವು ಬದಲಿಸಿತು. 2008ರ ಜುಲೈ 10ರಂದು 500 ಆ್ಯಪ್‌ಗಳೊಡನೆ ಆ್ಯಪ್ ಸ್ಟೋರ್ ತೆರೆಯಿತು. ಅತ್ತ ಗೂಗಲ್ ಮುಂದಾಳತ್ವದ ಕಂಪನಿಗಳ ಕೂಟವು 2007ರ ನವೆಂಬರ್‌ನಲ್ಲೇ ಆಂಡ್ರಾಯ್ಡನ್ನು ಘೋಷಿಸಿತ್ತು, ಮರುವರ್ಷದ ಅಕ್ಟೋಬರ್‌ನಲ್ಲಿ ಎಚ್‌ಟಿಸಿ ತಯಾರಿಸಿದ ಮೊದಲ ಆಂಡ್ರಾಯ್ಡ್ ಫೋನು ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅಂದಿನಿಂದ ಇಂದಿನವರೆಗೆ ವಾದ ನಡೆಯುತ್ತಿರುವುದು ಹೊರಗಿನವರು ಯಾವ ಷರತ್ತಿನ ಮೇಲೆ ಒಳಬರಬೇಕು ಎಂಬುದರ ಬಗ್ಗೆ.

ಕನ್ನಡಕ್ಕೆ ಇದರಿಂದ ಆದದ್ದೇನು

ನಮ್ಮ ಭಾಷೆಯ ಓದುಗರಿಗೆ ಈ ವಾದ ಬರಿಯ ಸಿದ್ಧಾಂತವಲ್ಲ. ಆಂಡ್ರಾಯ್ಡಿನ ಆರಂಭದ ಆವೃತ್ತಿಗಳಲ್ಲಿ ಕನ್ನಡದ ಪುಟ ತೆರೆದರೆ ಸಾಲುಸಾಲು ಖಾಲಿ ಚೌಕಗಳು ಕಾಣುತ್ತಿದ್ದವು. ಅಕ್ಷರಗಳಿದ್ದ ಫೋನುಗಳಲ್ಲೂ ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ ಚದುರಿ ಬೀಳುತ್ತಿದ್ದವು. ಆಂಡ್ರಾಯ್ಡಿಗೆ ಕನ್ನಡ, ತೆಲುಗು, ಮಲಯಾಳಂ ಲಿಪಿಗಳ ಬೆಂಬಲ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಫೋನಿನಲ್ಲಿ ಕನ್ನಡ ಓದಿಸಿದ್ದು ನಾರ್ವೆಯ ಕಂಪನಿಯೊಂದರ ಒಪೆರಾ ಮಿನಿ ಎಂಬ ಬ್ರೌಸರ್. ಅದರ ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಟೈಪು ಮಾಡಿದರೆ ಒಂದು ಪಟ್ಟಿ ತೆರೆಯುತ್ತಿತ್ತು. ಅದರಲ್ಲಿ ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಅಕ್ಷರ ಬಳಸಬೇಕೇ ಎಂಬ ಸಾಲಿಗೆ ಹೌದು ಎಂದು ಕೊಟ್ಟು ಉಳಿಸಿದರೆ, ಆ ಕಂಪನಿಯ ಸರ್ವರ್ ಕನ್ನಡದ ಪಠ್ಯವನ್ನು ಚಿತ್ರಗಳಾಗಿ ಮಾಡಿ ಕಳುಹಿಸುತ್ತಿತ್ತು. ಅಕ್ಷರ ಸ್ವಲ್ಪ ಒರಟಾಗಿ ಕಂಡರೂ ಓದಲು ತೊಡಕಿರಲಿಲ್ಲ. ಫೋನು ಮಾಡಿದವರು ಕೊಡದಿದ್ದುದನ್ನು ಹೊರಗಿನವರು ಕೊಟ್ಟರು. ಫೋನು ಅವರನ್ನು ಒಳಗೆ ಬಿಟ್ಟಿದ್ದರಿಂದ ಅದು ಸಾಧ್ಯವಾಯಿತು.

ಕೀಬೋರ್ಡಿನ ಕಥೆಯೂ ಇದೇ ಜಾಡಿನದು. ಆಂಡ್ರಾಯ್ಡಿನಲ್ಲಿ ಯಾರು ಬೇಕಾದರೂ ಕೀಬೋರ್ಡ್ ಬರೆದು ಕೊಡಬಹುದಾಗಿದ್ದರಿಂದ ಕನ್ನಡಕ್ಕೆ ಸ್ವತಂತ್ರ ಕೀಬೋರ್ಡುಗಳು ಬಂದವು. ಮುಕ್ತ ತಂತ್ರಾಂಶವಾಗಿರುವ, ಅಂದರೆ ಮೂಲ ಸಂಕೇತ (ಕೋಡ್) ಎಲ್ಲರಿಗೂ ತೆರೆದಿರುವ, ಇಂಡಿಕ್ ಕೀಬೋರ್ಡ್ ಅವುಗಳಲ್ಲೊಂದು. ಐಫೋನಿನಲ್ಲಿ ಹೊರಗಿನವರ ಕೀಬೋರ್ಡಿಗೆ ಅವಕಾಶ ಸಿಗಲು ಅದರ ಮೂಲ ತಂತ್ರಾಂಶದ 2014ರ ಆವೃತ್ತಿ ಐಒಎಸ್ 8 ಬರುವವರೆಗೆ ಕಾಯಬೇಕಾಯಿತು. ಕಣ್ಣು ಕಾಣದವರಿಗೆ ಇದರ ಮಹತ್ವ ಇನ್ನೂ ಹೆಚ್ಚು. ಆಂಡ್ರಾಯ್ಡಿನಲ್ಲಿ ಪಠ್ಯವನ್ನು ಓದಿ ಹೇಳುವ ಯಂತ್ರಧ್ವನಿಯನ್ನೇ ಬದಲಿಸಿಕೊಳ್ಳಬಹುದು. ಮುಕ್ತ ತಂತ್ರಾಂಶವಾದ ಇ-ಸ್ಪೀಕ್ ಎನ್‌ಜಿ ಕನ್ನಡವನ್ನೂ ಓದುತ್ತದೆ. ಅದರ ದನಿ ತಗಡಿನ ಮೇಲೆ ಮಾತಾಡಿದಂತಿದೆ ಎಂಬುದು ನಿಜ, ಆದರೆ ಜಾಲಸಂಪರ್ಕವಿಲ್ಲದೆಯೂ ಅದು ಕೆಲಸ ಮಾಡುತ್ತದೆ. ಸಣ್ಣ ಭಾಷೆಗಳ ಅಗತ್ಯ ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಮೇಲೆ ಬರುವ ತನಕ ಈ ಹೊರಗಿನವರೇ ಗತಿ.

ಭಾರತದಲ್ಲಿ ಐಫೋನ್: ಒಂದೇ ಅಂಗಡಿ

ಭಾರತದಲ್ಲಿ ಮಾರಾಟವಾಗುವ ಐಫೋನಿಗೆ ಆ್ಯಪ್ ಬರುವ ಸಾಮಾನ್ಯ ದಾರಿ ಆ್ಯಪಲ್ಲಿನ ಆ್ಯಪ್ ಸ್ಟೋರ್ ಒಂದೇ. ಆ್ಯಪ್ ಬರೆಯಲು ಅವಕಾಶ ಎಲ್ಲರಿಗೂ ಇದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಮ್ಯಾಕ್ ಕಂಪ್ಯೂಟರ್ ಬೇಕು, ಪ್ರಕಟಿಸಲು ವರ್ಷಕ್ಕೆ 99 ಡಾಲರ್ ಶುಲ್ಕ ಕಟ್ಟಬೇಕು, ಪ್ರತಿ ಆವೃತ್ತಿಯೂ ಆ್ಯಪಲ್ಲಿನ ಪರಿಶೀಲನೆ ದಾಟಬೇಕು. ಶುಲ್ಕ ಕಟ್ಟದೆ ತನ್ನ ಆ್ಯಪನ್ನು ತನ್ನದೇ ಫೋನಿಗೆ ಹಾಕಿಕೊಳ್ಳುವ ವಿದ್ಯಾರ್ಥಿಗೆ ಅದು ಏಳು ದಿನಗಳಿಗೊಮ್ಮೆ ಅವಧಿ ಮುಗಿದು ನಿಲ್ಲುತ್ತದೆ, ಮತ್ತೆ ಕಂಪ್ಯೂಟರಿಗೆ ಜೋಡಿಸಿ ಹಾಕಬೇಕು. ಪರೀಕ್ಷೆಗೆಂದು ಇತರರಿಗೆ ಹಂಚುವ ಟೆಸ್ಟ್‌ಫ್ಲೈಟ್ ವ್ಯವಸ್ಥೆಯಲ್ಲಿ 10,000 ಮಂದಿಯವರೆಗೆ ಕೊಡಬಹುದು, ಆದರೆ ಒಂದೊಂದು ಆವೃತ್ತಿಯ ಆಯುಸ್ಸು 90 ದಿನ.

ಆಳದ ವಿಷಯದಲ್ಲಿ ಐಫೋನಿನ ಬಿಗಿ ಇನ್ನೂ ಹೆಚ್ಚು. ಫೈರ್‌ಫಾಕ್ಸ್, ಕ್ರೋಮ್ ಎಂಬ ಹೆಸರುಗಳು ಐಫೋನಿನಲ್ಲಿ ಕಂಡರೂ, ಭಾರತದಲ್ಲಿ ಅವುಗಳ ಒಳಗೆ ಪುಟ ತೆರೆದು ತೋರಿಸುವ ಎಂಜಿನ್ ಆ್ಯಪಲ್ಲಿನ ವೆಬ್‌ಕಿಟ್. ಆಂಡ್ರಾಯ್ಡಿನ ಫೈರ್‌ಫಾಕ್ಸಿಗೆ ಯುಬ್ಲಾಕ್ ಆರಿಜಿನ್‌ನಂಥ ಜಾಹೀರಾತು ತಡೆಯುವ ವಿಸ್ತರಣೆ ಸೇರಿಸಿಕೊಳ್ಳುವಂತೆ ಐಫೋನಿನ ಫೈರ್‌ಫಾಕ್ಸಿಗೆ ಸೇರಿಸಿಕೊಳ್ಳಲು ಬರುವುದಿಲ್ಲ. ಆದರೆ ಇದೇ ಬಿಗಿಯ ಇನ್ನೊಂದು ಮುಖವೂ ಇದೆ: ಐಫೋನಿನ ಯಾವ ಆ್ಯಪಿಗೂ ನಿಮ್ಮ ಎಸ್‌ಎಂಎಸ್ ಪೆಟ್ಟಿಗೆಯನ್ನು ತೆರೆದು ಓದುವ ಅನುಮತಿಯೇ ಇಲ್ಲ. ಈ ಒಂದು ನಿರಾಕರಣೆ ಎಷ್ಟು ಜನರ ಹಣ ಉಳಿಸಿದೆ ಎಂಬುದು ಮುಂದಿನ ಭಾಗ ಓದಿದರೆ ತಿಳಿಯುತ್ತದೆ.

ಅಂಗಡಿಯ ಪರಿಶೀಲನೆಯೊಂದನ್ನೇ ನಂಬಿ ನಿಶ್ಚಿಂತೆಯಿಂದಿರುವಂತೆಯೂ ಇಲ್ಲ. 2015ರಲ್ಲಿ ಬೆಳಕಿಗೆ ಬಂದ ಎಕ್ಸ್‌ಕೋಡ್‌ಘೋಸ್ಟ್ ಪ್ರಕರಣದಲ್ಲಿ, ಆ್ಯಪ್ ತಯಾರಿಸುವ ಸಾಧನದ ಕಲಬೆರಕೆ ಪ್ರತಿಯನ್ನು ಬಳಸಿದ ಡೆವಲಪರ್‌ಗಳ ಆ್ಯಪ್‌ಗಳು ದುರುದ್ದೇಶದ ಕೋಡನ್ನು ಹೊತ್ತುಕೊಂಡೇ ಆ್ಯಪಲ್ಲಿನ ಪರಿಶೀಲನೆ ದಾಟಿ ಬಂದಿದ್ದವು. ಪೆಗಾಸಸ್‌ನಂಥ ಬೇಹು ತಂತ್ರಾಂಶಕ್ಕೆ ಅಂಗಡಿಯ ಹಂಗೇ ಇರಲಿಲ್ಲ.

ಆಂಡ್ರಾಯ್ಡ್: ಹಲವು ದಾರಿ, ಹಲವು ಅಪಾಯ

ಆಂಡ್ರಾಯ್ಡಿನಲ್ಲಿ ಪ್ಲೇ ಸ್ಟೋರ್ ಮುಖ್ಯ ದಾರಿ, ಏಕೈಕ ದಾರಿಯಲ್ಲ. ತಯಾರಕ ಕಂಪನಿಗಳು ತಮ್ಮದೇ ಅಂಗಡಿಗಳನ್ನು ಫೋನಿನಲ್ಲೇ ಇಟ್ಟು ಮಾರುತ್ತವೆ: ಸ್ಯಾಮ್‌ಸಂಗ್‌ನದು ಗ್ಯಾಲಕ್ಸಿ ಸ್ಟೋರ್, ಶವೋಮಿಯದು ಗೆಟ್‌ಆ್ಯಪ್ಸ್. ಬೆಂಗಳೂರಿನ ಫೋನ್‌ಪೇ ಕಂಪನಿ 2024ರ ಫೆಬ್ರುವರಿಯಲ್ಲಿ ಇಂಡಸ್ ಆ್ಯಪ್‌ಸ್ಟೋರನ್ನು ಇಂಗ್ಲಿಷಿನ ಜೊತೆಗೆ 12 ಭಾರತೀಯ ಭಾಷೆಗಳಲ್ಲಿ ಆರಂಭಿಸಿತು. 2010ರಲ್ಲಿ ಶುರುವಾದ, ಸ್ವಯಂಸೇವಕರು ನಡೆಸುವ ಎಫ್-ಡ್ರಾಯ್ಡ್ ಮುಕ್ತ ತಂತ್ರಾಂಶಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ; ಮೂಲ ಸಂಕೇತದಿಂದ ತಾನೇ ಆ್ಯಪ್ ಕಟ್ಟಿ ಕೊಡುವುದು, ಬಳಕೆದಾರರ ಜಾಡು ಹಿಡಿಯುವಂಥ ಗುಣಗಳಿದ್ದರೆ ಅದನ್ನು ಪುಟದಲ್ಲೇ ಎಚ್ಚರಿಕೆಯಾಗಿ ನಮೂದಿಸುವುದು ಅದರ ಪದ್ಧತಿ. ಜಾಹೀರಾತಿಲ್ಲದ ಪಿಡಿಎಫ್ ಓದುಗ, ಕಡತ ನಿರ್ವಾಹಕ, ಟಿಪ್ಪಣಿ ಪುಸ್ತಕದಂಥ ದಿನಬಳಕೆಯ ಸಲಕರಣೆ ಬೇಕಾದವರು ಪ್ಲೇ ಸ್ಟೋರಿನ ಜಾಹೀರಾತು ತುಂಬಿದ ಉಚಿತ ಆ್ಯಪ್‌ಗಳನ್ನು ಜಾಲಾಡುವ ಬದಲು ಇಲ್ಲಿಗೆ ಬರುವುದು ಮೇಲು ಎಂಬುದು ನನ್ನ ಅನಿಸಿಕೆ.

ಡೆವಲಪರ್ ಆಗಬೇಕೆನ್ನುವವರಿಗೆ ಖರ್ಚೂ ಕಡಿಮೆ. ಸಾಧಾರಣ ವಿಂಡೋಸ್ ಅಥವಾ ಲಿನಕ್ಸ್ ಕಂಪ್ಯೂಟರ್ ಸಾಕು. ಪ್ಲೇ ಸ್ಟೋರಿನ ಶುಲ್ಕ ಜೀವಮಾನಕ್ಕೊಮ್ಮೆ 25 ಡಾಲರ್. ಹೊಸದಾಗಿ ವೈಯಕ್ತಿಕ ಖಾತೆ ತೆರೆಯುವವರು ಪ್ರಕಟಣೆಗೆ ಮುನ್ನ ಕನಿಷ್ಠ 12 ಮಂದಿಯಿಂದ 14 ದಿನ ಎಡೆಬಿಡದೆ ಪರೀಕ್ಷೆ ಮಾಡಿಸಬೇಕೆಂಬ ನಿಯಮವಿದೆ. ಒಬ್ಬಂಟಿಯಾಗಿ ಕೆಲಸ ಮಾಡುವವರಿಗೆ ಹಣಕ್ಕಿಂತ ಈ ಹನ್ನೆರಡು ಮಂದಿಯನ್ನು ಹೊಂದಿಸುವುದೇ ಕಷ್ಟ. ಇದಾವುದೂ ಬೇಡವೆಂದರೆ ಎಪಿಕೆ ಕಡತವನ್ನು, ಅಂದರೆ ಆಂಡ್ರಾಯ್ಡ್ ಆ್ಯಪನ್ನು ಹೊತ್ತ ಕಡತವನ್ನು, ನೇರವಾಗಿ ಗೆಳೆಯರಿಗೆ ಕಳುಹಿಸಬಹುದು.

ಎಪಿಕೆ ನೇರವಾಗಿ ಕಳುಹಿಸಬಹುದು ಎಂಬ ಈ ಸೌಲಭ್ಯವೇ ವಂಚಕರ ಬಂಡವಾಳವೂ ಆಗಿದೆ. ಅದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಪರಿಚಿತರ ಸಂಖ್ಯೆಯಿಂದಲೇ ವಾಟ್ಸ್‌ಆ್ಯಪ್‌ಗೆ ಮದುವೆಯ ಕರೆಯೋಲೆ ಬರುತ್ತದೆ, ಇಲ್ಲವೇ ಸಂಚಾರ ನಿಯಮ ಉಲ್ಲಂಘನೆಯ ದಂಡದ ಚಲನ್, ಪಿಎಂ ಕಿಸಾನ್ ಕಂತಿನ ಪಟ್ಟಿ ಬರುತ್ತದೆ. ಕಡತದ ಹೆಸರಿನ ಕೊನೆಯಲ್ಲಿ ಪಿಡಿಎಫ್ ಇರಬೇಕಾದ ಕಡೆ ಎಪಿಕೆ ಎಂದಿರುತ್ತದೆ. ಅವಸರದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಒತ್ತಿದಾಗ ಈ ಮೂಲದಿಂದ ಆ್ಯಪ್ ಹಾಕಲು ಅನುಮತಿ ಇಲ್ಲವೆಂಬ ತಡೆ ಬರುತ್ತದೆ, ಪಕ್ಕದಲ್ಲೇ ಸೆಟ್ಟಿಂಗ್ಸ್‌ಗೆ ಕರೆದೊಯ್ಯುವ ಗುಂಡಿಯೂ ಇರುತ್ತದೆ. ಅಲ್ಲಿ ಸ್ವಿಚ್ಚನ್ನು ಸರಿಸಿದರೆ ಆ್ಯಪ್ ಒಳಬಂದು ಎಸ್‌ಎಂಎಸ್ ಓದಲು, ಮತ್ತೆ ಕೆಲವು ಸಲ ಅಂಗವಿಕಲರ ಅನುಕೂಲಕ್ಕೆಂದು ಇರುವ ಆ್ಯಕ್ಸೆಸಿಬಿಲಿಟಿ ಸೇವೆಯ ಮೂಲಕ ಪರದೆಯನ್ನೇ ನೋಡಲು ಅನುಮತಿ ಕೇಳುತ್ತದೆ. ಅದನ್ನೂ ಕೊಟ್ಟರೆ ಬ್ಯಾಂಕಿನಿಂದ ಬರುವ ಒಟಿಪಿ ನಿಮಗಿಂತ ಮೊದಲು ವಂಚಕನ ಕೈ ಸೇರುತ್ತದೆ, ನಿಮ್ಮ ಸಂಪರ್ಕ ಪಟ್ಟಿಯಲ್ಲಿರುವವರಿಗೆಲ್ಲ ಅದೇ ಕರೆಯೋಲೆ ನಿಮ್ಮ ಹೆಸರಿನಲ್ಲಿ ಹೋಗುತ್ತದೆ. ಹಣ ಹೋದದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹರಿದು ಕೈಗೆ ಸಿಗದಂತಾಗುತ್ತದೆ.

ಈ ಸರಣಿಯಲ್ಲಿ ವಂಚನೆ ಸಾಧ್ಯವಾದದ್ದು ಯಾವ ಹಂತದಲ್ಲಿ ಎಂದು ಕೇಳಿಕೊಳ್ಳಿ. ಹೊರಗಿನ ಆ್ಯಪ್ ಬಂದದ್ದು ಮೊದಲ ಮೆಟ್ಟಿಲು ಮಾತ್ರ. ಅದಕ್ಕೆ ಎಸ್‌ಎಂಎಸ್ ಓದುವ ಹಕ್ಕು ಸಿಗದೆ ಹೋಗಿದ್ದರೆ ಒಟಿಪಿ ಕದಿಯುವ ಈ ದಾರಿ ಅಲ್ಲಿಗೇ ಮುಚ್ಚುತ್ತಿತ್ತು. ಗೂಗಲ್ ಕೂಡ ನಿಧಾನವಾಗಿ ಇದೇ ತೀರ್ಮಾನಕ್ಕೆ ಬಂದಂತಿದೆ. 2017ರ ಎಂಟನೇ ಆವೃತ್ತಿಯಲ್ಲಿ, ಅಪರಿಚಿತ ಮೂಲಗಳಿಗೆಲ್ಲ ಒಂದೇ ಸ್ವಿಚ್ ಇದ್ದುದನ್ನು ತೆಗೆದು, ಯಾವ ಆ್ಯಪ್ ಮೂಲಕ ಹಾಕುತ್ತೀರೋ ಆ ಆ್ಯಪಿಗೆ ಪ್ರತ್ಯೇಕ ಅನುಮತಿ ಬೇಕೆಂದು ಮಾಡಿತು. 2022ರ 13ನೇ ಆವೃತ್ತಿಯಲ್ಲಿ ಹೀಗೆ ಬಂದ ಆ್ಯಪ್‌ಗಳಿಗೆ ಆ್ಯಕ್ಸೆಸಿಬಿಲಿಟಿ ಸೇವೆ ಸುಲಭವಾಗಿ ಸಿಗದಂತೆ ಬಿಗಿ ಮಾಡಿತು. ಜಾಲದಿಂದ ಇಳಿಸಿದ ಆ್ಯಪ್ ಎಸ್‌ಎಂಎಸ್, ಅಧಿಸೂಚನೆ ಅಥವಾ ಆ್ಯಕ್ಸೆಸಿಬಿಲಿಟಿಯ ಹಕ್ಕು ಕೇಳುವಂಥದ್ದಾದರೆ ಇನ್‌ಸ್ಟಾಲ್ ಆಗುವುದನ್ನೇ ತಡೆಯುವ ಪ್ಲೇ ಪ್ರೊಟೆಕ್ಟ್ ವ್ಯವಸ್ಥೆಯನ್ನು 2024ರಲ್ಲಿ ಸಿಂಗಪುರದಲ್ಲಿ ಪ್ರಯೋಗಿಸಿ ಆನಂತರ ಭಾರತಕ್ಕೂ ತಂದಿತು. ಇವು ಮೂರೂ ಒಳ್ಳೆಯ ಕ್ರಮಗಳು, ಏಕೆಂದರೆ ನಿರುಪದ್ರವಿ ಆ್ಯಪ್‌ಗಳಿಗೆ ಇವುಗಳಿಂದ ಹೆಚ್ಚಿನ ತೊಂದರೆಯಿಲ್ಲ.

2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಯೋಜನೆ ಮಾತ್ರ ಬೇರೆ ಜಾತಿಯದು. ಗೂಗಲ್ ಪ್ರಮಾಣೀಕರಿಸಿದ ಆಂಡ್ರಾಯ್ಡ್ ಫೋನುಗಳಲ್ಲಿ, ಪ್ಲೇ ಸ್ಟೋರಿನ ಹೊರಗಿನಿಂದ ಬರುವ ಆ್ಯಪ್‌ಗಳ ಡೆವಲಪರ್‌ಗಳೂ ಗೂಗಲ್ ಬಳಿ ಗುರುತು ದಾಖಲಿಸಿರಬೇಕು. ಇದು 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ, 2027ರಿಂದ ಉಳಿದೆಡೆ ಹಂತಹಂತವಾಗಿ ಜಾರಿಗೆ ಬರಬೇಕೆಂಬುದು ಅದರ ಸಾರ. ಪ್ಲೇ ಸ್ಟೋರಿಗಿಂತ ಜಾಲದಿಂದ ನೇರವಾಗಿ ಬರುವ ಆ್ಯಪ್‌ಗಳಲ್ಲಿ ದುಷ್ಟ ತಂತ್ರಾಂಶ 50 ಪಟ್ಟಿಗೂ ಹೆಚ್ಚು ಎಂಬುದು ಗೂಗಲ್ ಮುಂದಿಟ್ಟ ಕಾರಣ, ಲೆಕ್ಕ ಅದರದೇ. ಎಫ್-ಡ್ರಾಯ್ಡ್ ಇದನ್ನು ಬಲವಾಗಿ ವಿರೋಧಿಸಿತು, ಏಕೆಂದರೆ ಅನಾಮಿಕವಾಗಿ, ಹವ್ಯಾಸಕ್ಕಾಗಿ ಬರೆಯುವ ಹಲವರ ಆ್ಯಪ್‌ಗಳೇ ಅದರ ಜೀವಾಳ. ನವೆಂಬರ್‌ನಲ್ಲಿ ಗೂಗಲ್ ತುಸು ಸಡಿಲಿಸಿ, ವಿದ್ಯಾರ್ಥಿಗಳು, ಹವ್ಯಾಸಿಗಳು ಕೆಲವೇ ಫೋನುಗಳಿಗೆ ಹಂಚಲು ಪ್ರತ್ಯೇಕ ಖಾತೆಯನ್ನೂ, ಅಪಾಯ ತಿಳಿದು ಮುಂದುವರಿಯುವ ಅನುಭವಿ ಬಳಕೆದಾರರಿಗೆ ಬೇರೊಂದು ದಾರಿಯನ್ನೂ ಕೊಡುವುದಾಗಿ ಹೇಳಿತು. ಇಲ್ಲಿ ನನ್ನ ಆಕ್ಷೇಪ ಗುರುತು ಕೇಳುವುದಕ್ಕಲ್ಲ. ತನ್ನ ಅಂಗಡಿಗೆ ಬಾರದವರ ದಾಖಲೆಯನ್ನೂ ಪೈಪೋಟಿಯ ಅಂಗಡಿ ನಡೆಸುವವರೇ ಇಟ್ಟುಕೊಳ್ಳುವುದು ಸರಿಯಲ್ಲ.

ಅಂಗಡಿಯವರು ಬಾಗಿಲು ಹಾಕಿದಾಗ

ಒಂದೇ ಅಂಗಡಿಯನ್ನು ನೆಚ್ಚಿಕೊಂಡರೆ ಏನಾಗಬಹುದೆಂಬುದನ್ನು ಭಾರತ 2024ರ ಮಾರ್ಚ್‌ನಲ್ಲಿ ಕಂಡಿತು. ಸೇವಾಶುಲ್ಕದ ವಿವಾದದಲ್ಲಿ ಗೂಗಲ್ ಭಾರತ್ ಮ್ಯಾಟ್ರಿಮೊನಿ, ನೌಕ್ರಿ, 99ಏಕರ್ಸ್ ಮೊದಲಾದ ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ತೆಗೆದುಹಾಕಿತು. ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು. ಸರ್ಕಾರದ ಗಮನ ಸೆಳೆಯುವಷ್ಟು ದೊಡ್ಡ ಕಂಪನಿಗಳಾದ್ದರಿಂದ ಇಷ್ಟು ಬೇಗ ಬಗೆಹರಿಯಿತು. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಕುಳಿತು ಆ್ಯಪ್ ನಡೆಸುವವರ ಖಾತೆ ರದ್ದಾದರೆ ಮಂತ್ರಿಗಳು ಸಭೆ ಕರೆಯುವುದಿಲ್ಲ. ಸರ್ಕಾರದ ಕೈಯೂ ಈ ಬಾಗಿಲನ್ನೇ ಹುಡುಕಿ ಬರುತ್ತದೆ: 2021ರಲ್ಲಿ ರಷ್ಯಾದ ವಿರೋಧ ಪಕ್ಷದ ನಾಯಕ ಅಲೆಕ್ಸಿ ನವಾಲ್ನಿ ಬೆಂಬಲಿಗರ ಮತದಾನದ ಆ್ಯಪನ್ನು ಆ್ಯಪಲ್, ಗೂಗಲ್ ಎರಡೂ ಅಲ್ಲಿನ ಒತ್ತಡಕ್ಕೆ ಮಣಿದು ತೆಗೆದವು. ಆಂಡ್ರಾಯ್ಡ್ ಬಳಕೆದಾರರಿಗೆ ಎಪಿಕೆ ದಾರಿಯಾದರೂ ಉಳಿದಿತ್ತು.

ಹಣದ ಪಾಲಿನ ವಿಷಯದಲ್ಲಿ ಎರಡೂ ಕಂಪನಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆ್ಯಪಿನೊಳಗೆ ಮಾರುವ ಡಿಜಿಟಲ್ ಸರಕಿನ ಮೇಲೆ ಶೇ 30 ಎಂಬುದು ಬಹುಕಾಲದ ದರ. 2021ರಿಂದ ವರ್ಷಕ್ಕೆ 10 ಲಕ್ಷ ಡಾಲರಿನೊಳಗಿನ ವರಮಾನವಿರುವ ಸಣ್ಣವರಿಗೆ ಅದು ಶೇ 15 ಆಯಿತು. ಕನ್ನಡದ ಇ-ಪುಸ್ತಕವೊಂದನ್ನು 100 ರೂಪಾಯಿಗೆ ಮಾರುವ ಸಣ್ಣ ಪ್ರಕಾಶಕರಿಗೆ ಶೇ 15 ಎಂದರೂ ಲೇಖಕರ ಗೌರವಧನಕ್ಕೆ ಸಮನಾದ ಮೊತ್ತವಾಗಿಬಿಡಬಹುದು. ಈ ದರದ ಮೇಲೆ ಲೋಕದ ಎಲ್ಲೆಡೆ ಮೊಕದ್ದಮೆಗಳು ನಡೆದಿವೆ. ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಪ್ಲೇ ಸ್ಟೋರಿನ ಪಾವತಿ ನೀತಿಗಾಗಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು, ಮೇಲ್ಮನವಿಯಲ್ಲಿ 2025ರಲ್ಲಿ ಅದು 216.69 ಕೋಟಿಗೆ ಇಳಿಯಿತು. ಅಮೆರಿಕದಲ್ಲಿ ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ 2020ರಲ್ಲಿ ಹೂಡಿದ ಹೋರಾಟದ ಫಲವಾಗಿ, 2025ರ ಏಪ್ರಿಲ್‌ನಲ್ಲಿ ಅಲ್ಲಿನ ನ್ಯಾಯಾಲಯವು ಆ್ಯಪಿನಿಂದ ಹೊರಗಿನ ಪಾವತಿ ಪುಟಕ್ಕೆ ಕೊಂಡಿ ಕೊಡುವುದನ್ನು ಆ್ಯಪಲ್ ತಡೆಯುವಂತಿಲ್ಲವೆಂದು ಕಟ್ಟುನಿಟ್ಟಾಗಿ ಆದೇಶಿಸಿತು.

ಯುರೋಪು, ಜಪಾನಿನಲ್ಲಿರುವ ಕನ್ನಡಿಗರಿಗೆ

ಜರ್ಮನಿ, ನೆದರ್‌ಲೆಂಡ್ಸ್, ಐರ್ಲೆಂಡ್‌ಗಳಲ್ಲಿ ಕೆಲಸಕ್ಕಿರುವ ಕನ್ನಡಿಗರ ಐಫೋನು ಬೆಂಗಳೂರಿನ ಐಫೋನಿಗಿಂತ ಬೇರೆ ರೀತಿ ನಡೆದುಕೊಳ್ಳುತ್ತದೆ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಗೆ ತಲೆಬಾಗಿ ಆ್ಯಪಲ್ 2024ರ ಮಾರ್ಚ್‌ನ ಐಒಎಸ್ 17.4ರಲ್ಲಿ ಅಲ್ಲಿ ಬೇರೆಯವರ ಆ್ಯಪ್ ಅಂಗಡಿಗಳಿಗೆ ಅವಕಾಶ ಕೊಟ್ಟಿತು; ಏಪ್ರಿಲ್‌ನಲ್ಲಿ ಆಲ್ಟ್‌ಸ್ಟೋರ್ ಪಾಲ್, ಆಗಸ್ಟ್‌ನಲ್ಲಿ ಎಪಿಕ್ ಅಂಗಡಿ ತೆರೆದವು. ಫೋನು ಎಲ್ಲಿ ಕೊಂಡದ್ದು ಎಂಬುದು ಇಲ್ಲಿ ಮುಖ್ಯವಲ್ಲ. ಆ್ಯಪಲ್ ಖಾತೆ ಒಕ್ಕೂಟದ ದೇಶದ್ದಾಗಿರಬೇಕು, ಬಳಕೆದಾರರೂ ಅಲ್ಲೇ ಇರಬೇಕು. ಅಲ್ಲಿಂದ ಫೋನು ತಂದುಕೊಟ್ಟ ಮಾತ್ರಕ್ಕೆ ಊರಿನಲ್ಲಿರುವ ತಮ್ಮನಿಗೆ ಈ ಸೌಲಭ್ಯ ಸಿಗುವುದಿಲ್ಲ. ಬ್ರಿಟನ್ ಒಕ್ಕೂಟದ ಹೊರಗಿರುವುದರಿಂದ ಅಲ್ಲಿನವರಿಗೂ ಇದು ಅನ್ವಯಿಸುವುದಿಲ್ಲ. ಜಪಾನಿನಲ್ಲಿ ಇಂಥದೇ ಕಾಯ್ದೆ 2025ರ ಡಿಸೆಂಬರ್ 18ರಿಂದ ಪೂರ್ಣವಾಗಿ ಜಾರಿಗೆ ಬಂತು.

ಈ ಹೊರಗಿನ ಅಂಗಡಿಗಳ ಆ್ಯಪ್‌ಗಳೂ ಆ್ಯಪಲ್ಲಿನ ನೋಟರೀಕರಣ ಎಂಬ ತಪಾಸಣೆ ದಾಟಿಯೇ ಬರಬೇಕು, ಐಫೋನಿನ ಅನುಮತಿಗಳ ಚೌಕಟ್ಟು ಅವಕ್ಕೂ ಅಷ್ಟೇ ಬಿಗಿ. ಎಂದರೆ ಅಂಗಡಿಗಳು ಹೆಚ್ಚಿದರೂ ಎಸ್‌ಎಂಎಸ್ ಓದುವ ಹಕ್ಕು ಯಾರಿಗೂ ಸಿಕ್ಕಿಲ್ಲ. ದಾರಿಗಳನ್ನು ಹೆಚ್ಚಿಸಿ ಆಳವನ್ನು ಬಿಗಿಯಾಗಿಡುವುದು ಸಾಧ್ಯ ಎಂಬುದಕ್ಕೆ ಕೈಯಲ್ಲಿರುವ ಸಾಕ್ಷಿ ಇದು; ಭಾರತದ ನೀತಿ ಈ ಮಾದರಿಯತ್ತ ಹೋಗಬೇಕೆಂದು ನನ್ನ ಆಸೆ.

ಬೇರೆ ದಾರಿಗಳು

ಫೋನಿನ ಮೂಲ ತಂತ್ರಾಂಶವನ್ನೇ ತೆಗೆದು, ಗೂಗಲ್‌ನ ಪಿಕ್ಸೆಲ್ ಫೋನಿಗೆ ಗ್ರಾಫೀನ್‌ಒಎಸ್, ಇನ್ನು ಹಲವು ಫೋನುಗಳಿಗೆ ಲೀನಿಯೇಜ್‌ಒಎಸ್ ಹಾಕಿಕೊಂಡು ಪೂರ್ತಿ ಸ್ವಾತಂತ್ರ್ಯ ಪಡೆಯಬಹುದು. ಆದರೆ ಮೂಲ ತಂತ್ರಾಂಶ ಬದಲಿಸಿದ ಫೋನುಗಳಲ್ಲಿ ಹಲವು ಬ್ಯಾಂಕಿಂಗ್ ಆ್ಯಪ್‌ಗಳು ಓಡಲು ಒಪ್ಪುವುದಿಲ್ಲ. ತರಕಾರಿಗೂ ಯುಪಿಐ ಬಳಸುವ ನಮ್ಮ ಊರುಗಳಲ್ಲಿ ಇದನ್ನು ಎರಡನೆಯ ಫೋನಾಗಿ ಇಟ್ಟುಕೊಳ್ಳುವವರಿಗೆ ಮಾತ್ರ ಹೇಳಬಲ್ಲೆ.

ಯಾರಿಗೆ ಯಾವುದು

ಮನೆಯ ಹಿರಿಯರಿಗೆ, ಬಂದ ಸಂದೇಶಗಳನ್ನೆಲ್ಲ ಒತ್ತಿ ನೋಡುವ ಅಭ್ಯಾಸವಿರುವವರಿಗೆ ಫೋನು ಕೊಡಿಸುವುದಾದರೆ, ಹಣದ ಅನುಕೂಲವಿದ್ದರೆ ಐಫೋನು ಹೆಚ್ಚು ನೆಮ್ಮದಿಯದು. ಅಷ್ಟು ಖರ್ಚು ಮಾಡಲಾಗದಿದ್ದರೆ ಆಂಡ್ರಾಯ್ಡನ್ನೇ ಕೊಡಿಸಿ ಬಾಗಿಲು ಹಾಕಿ ಕೊಡಿ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿದರೆ ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಮೊದಲಾದವುಗಳ ಪಟ್ಟಿ ಬರುತ್ತದೆ. ಒಂದೊಂದರ ಕೆಳಗೂ ಅನುಮತಿ ಇಲ್ಲವೆಂದೇ ಇದೆಯೇ ಎಂದು ನೋಡಿ. ಸ್ಯಾಮ್‌ಸಂಗ್ ಫೋನಾದರೆ ಭದ್ರತೆಯ ವಿಭಾಗದಲ್ಲಿರುವ ಆಟೊ ಬ್ಲಾಕರನ್ನು ಚಾಲೂ ಮಾಡಿ. ಆಂಡ್ರಾಯ್ಡ್ 16 ಇರುವ ಫೋನುಗಳಲ್ಲಿ ಅಡ್ವಾನ್ಸ್ಡ್ ಪ್ರೊಟೆಕ್ಷನ್ ಎಂಬ ವ್ಯವಸ್ಥೆಯೂ ಹೊರಗಿನ ಆ್ಯಪ್‌ಗಳನ್ನು ತಡೆಯುತ್ತದೆ. ಬಳಿಕ ಅಪ್ಪನಿಗೋ ಅತ್ತೆಗೋ ಹೇಳಬೇಕಾದ ಮಾತು ಒಂದೇ: ಏನಾದರೂ ಸೆಟ್ಟಿಂಗ್ ಬದಲಿಸಿ ಎಂದು ಫೋನು ಕೇಳಿದರೆ ನನಗೆ ಕರೆ ಮಾಡದೆ ಮುಂದಕ್ಕೆ ಹೋಗಬೇಡಿ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಕಂಪ್ಯೂಟರ್ ಕಲಿಸುವ ಶಿಕ್ಷಕರಿಗೆ, ಕನ್ನಡದ ತಂತ್ರಾಂಶಗಳಲ್ಲಿ ಆಸಕ್ತಿಯಿರುವವರಿಗೆ ಆಂಡ್ರಾಯ್ಡ್ ಬಿಟ್ಟು ಬೇರೆ ಹೇಳಲು ಕಾರಣವಿಲ್ಲ. ಗುರುತಿನ ದಾಖಲೆಯ ನಿಯಮ ಬಂದರೂ, ಕಂಪ್ಯೂಟರಿಗೆ ಜೋಡಿಸಿ ಎಡಿಬಿ ಎಂಬ ಡೆವಲಪರ್ ಸಾಧನದ ಮೂಲಕ ತಮ್ಮ ಫೋನಿಗೆ ಆ್ಯಪ್ ಹಾಕಿಕೊಳ್ಳುವ ದಾರಿ ಉಳಿಯುತ್ತದೆಂದು ಗೂಗಲ್ ಹೇಳಿದೆ. ಕಲಿಯುವವರಿಗೆ ಅದು ಸಾಕು. ಕಣ್ಣು ಕಾಣದವರ ವಿಷಯದಲ್ಲಿ ಸಾಮಾನ್ಯ ಸಲಹೆ ಕೊಡಲು ಹಿಂಜರಿಯುತ್ತೇನೆ. ಐಫೋನಿನ ಪರದೆ ಓದುವ ವಾಯ್ಸ್‌ಓವರ್ ಚೆನ್ನಾಗಿದೆ, ಧ್ವನಿಯನ್ನೂ ಪರದೆ ಓದುವ ತಂತ್ರಾಂಶವನ್ನೂ ತಮಗೆ ಬೇಕಾದಂತೆ ಬದಲಿಸುವ ಸ್ವಾತಂತ್ರ್ಯ ಆಂಡ್ರಾಯ್ಡಿನಲ್ಲಿ ಹೆಚ್ಚು. ಎರಡನ್ನೂ ಕೈಯಲ್ಲಿ ಹಿಡಿದು, ಕನ್ನಡದ ಒಂದು ಪುಟ ಓದಿಸಿ ನೋಡಿಯೇ ತೀರ್ಮಾನಿಸಬೇಕು.

ಇನ್ನು ತಮ್ಮದೇ ಆ್ಯಪ್ ಮಾಡಿಸಲು ಹೊರಟಿರುವ ಸಣ್ಣ ಪ್ರಕಾಶಕರು, ಸಹಕಾರ ಸಂಘಗಳು, ಅಂಗಡಿಯವರು. ಇವರಿಗೆ ನಾನು ಹೇಳುವುದು ಮೊದಲು ಜಾಲತಾಣವನ್ನೇ ಫೋನಿನಲ್ಲಿ ಚೆನ್ನಾಗಿ ಓಡುವಂತೆ ಕಟ್ಟಿಸಿ, ಎರಡೂ ಬಗೆಯ ಫೋನಿನ ಮುಖಪರದೆಗೆ ಸೇರಿಸಿಕೊಳ್ಳಲು ಬರುವ ಹಾಗೆ ಮಾಡಿಸಿಕೊಳ್ಳಿ ಎಂದು. ಪಾವತಿ ನೇರವಾಗಿ ನಿಮಗೆ ಬರುತ್ತದೆ, ಪ್ರತಿ ತಿದ್ದುಪಡಿಗೂ ಪರಿಶೀಲನೆಗೆ ಕಾಯಬೇಕಿಲ್ಲ, ಯಾವ ಅಂಗಡಿಯೂ ನಿಮ್ಮನ್ನು ಹೊರಹಾಕುವ ಪ್ರಶ್ನೆ ಬರುವುದಿಲ್ಲ. ಜಾಲಸಂಪರ್ಕವಿಲ್ಲದ ಕಡೆ ಭಾರೀ ಕಡತಗಳನ್ನು ಓದಿಸಬೇಕಾದಾಗ ಅಥವಾ ಫೋನಿನ ಒಳಗಿನ ಸಲಕರಣೆಗಳ ಆಳವಾದ ಬಳಕೆ ಬೇಕಾದಾಗ ಮಾತ್ರ ಪೂರ್ಣ ಪ್ರಮಾಣದ ಆ್ಯಪಿಗೆ ಹೋಗಬೇಕು. ಆಗಲೂ ಆಂಡ್ರಾಯ್ಡ್ ಮೊದಲು ಮಾಡಿಸಿ, ಪ್ಲೇ ಸ್ಟೋರಿನ ಜೊತೆಗೆ ಇನ್ನೊಂದು ಅಂಗಡಿಯಲ್ಲೂ ಇಡಿ. ಆ್ಯಪ್ ನಿಮ್ಮದೇ ಎಂದು ದೃಢಪಡಿಸಲು ಎಪಿಕೆಗೆ ಸಹಿ ಹಾಕುವ ಡಿಜಿಟಲ್ ಕೀಲಿಯನ್ನು ಆ್ಯಪ್ ಬರೆದುಕೊಟ್ಟ ಗುತ್ತಿಗೆದಾರರಲ್ಲಿ ಬಿಡದೆ ನಿಮ್ಮ ವಶಕ್ಕೆ ಪಡೆದುಕೊಳ್ಳಿ; ಅದು ಕಳೆದುಹೋದರೆ ಹೊರಗೆ ಹಂಚಿದ ಆ್ಯಪಿಗೆ ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ಹಾಕಲು ಬರುವುದಿಲ್ಲ, ಓದುಗರು ಹಳೆಯದನ್ನು ತೆಗೆದುಹಾಕಿ ಮೊದಲಿನಿಂದ ಹಾಕಿಕೊಳ್ಳಬೇಕಾಗುತ್ತದೆ.